ನೂರಕ್ಕೆ ನೂರು ಸೌರ ವಿದ್ಯುತ್ ಎಂದರೆ ಎಷ್ಟು? ಟೋಕೆಲಾವ್ ದ್ವೀಪಗಳ ಲೆಕ್ಕ

ಟೋಕೆಲಾವ್‌ಗೆ ವಿಮಾನ ಹೋಗುವುದಿಲ್ಲ. ಇಳಿಯಲು ನಿಲ್ದಾಣವಿಲ್ಲ, ಹಡಗು ನಿಲ್ಲಲು ಬಂದರು ಕೂಡ ಇಲ್ಲ. ಪೆಸಿಫಿಕ್ ಸಾಗರದ ನಡುವೆ ಸಮೋವಾದ ಆಪಿಯಾ ಬಂದರಿನಿಂದ ಉತ್ತರಕ್ಕೆ ಸುಮಾರು 500 ಕಿಲೋಮೀಟರ್ ದೂರದಲ್ಲಿ ಅಟಾಫು, ನುಕುನೋನು, ಫಕಾವೊಫೊ ಎಂಬ ಮೂರು ಹವಳದ್ವೀಪಗಳಿವೆ. ಹಡಗಿನಲ್ಲಿ ಒಂದು ಹಗಲು, ಒಂದು ರಾತ್ರಿಗೂ ಮೀರಿದ ಪ್ರಯಾಣ. ಮೂರೂ ಸೇರಿ ನೆಲ ಸುಮಾರು 12 ಚದರ ಕಿಲೋಮೀಟರ್, ಜನ ಹೆಚ್ಚುಕಡಿಮೆ 1,500. ನೆಲದ ಅತಿ ಎತ್ತರದ ಜಾಗವೂ ಸಮುದ್ರಮಟ್ಟದಿಂದ ಐದು ಮೀಟರಿನ ಆಸುಪಾಸಿನಲ್ಲಿದೆ.

ಇಷ್ಟು ಸಣ್ಣ ಜಾಗ 2012ರ ಕೊನೆಗೆ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಡೀಸೆಲ್ ಜನರೇಟರುಗಳನ್ನು ಆರಿಸಿ, ವಿದ್ಯುತ್ತನ್ನೆಲ್ಲ ಬಿಸಿಲಿನಿಂದಲೇ ಪಡೆಯುವ ಮೊದಲ 'ದೇಶ' ಇದು ಎಂದು ಶೀರ್ಷಿಕೆಗಳು ಬಂದವು. ಕಾನೂನಿನ ಕಣ್ಣಿನಲ್ಲಿ ಟೋಕೆಲಾವ್ ಸ್ವತಂತ್ರ ದೇಶವಲ್ಲ, ನ್ಯೂಜಿಲೆಂಡಿನ ಆಡಳಿತಕ್ಕೆ ಸೇರಿದ ಪ್ರದೇಶ. ಸ್ವಯಮಾಡಳಿತ ಬೇಕೇ ಎಂದು 2006 ಮತ್ತು 2007ರಲ್ಲಿ ಜನಮತ ಕೇಳಿದಾಗ ಎರಡೂ ಸಲ ಬಹುಮತ 'ಬೇಕು' ಎಂದೇ ಹೇಳಿತು. ಆದರೆ ಮೂರನೇ ಎರಡರಷ್ಟು ಮತ ಬೇಕೆಂಬ ನಿಯಮ ಇತ್ತು. ಎರಡನೇ ಸಲ ಬರೀ 16 ಮತ ಕಡಿಮೆಯಾಯಿತು. ಮೂರು ಹವಳದ್ವೀಪಗಳೂ ತಮ್ಮ ಊರಿನ ವ್ಯವಹಾರವನ್ನು ತಾವೇ ನೋಡಿಕೊಳ್ಳುತ್ತವೆ. ಹಿರಿಯರ ಮಂಡಳಿಗೆ ಅಲ್ಲಿ ತಾವುಪುಲೆಗ ಎನ್ನುತ್ತಾರೆ. ಊರಿನ ಕರೆಂಟಿನ ಉಸ್ತುವಾರಿಯೂ ಅದರದೇ.

ಈ ಸುದ್ದಿಯನ್ನು ಮೆಚ್ಚಿಕೊಂಡವರೂ ಇದ್ದಾರೆ, ಕೆಲವು ವರ್ಷಗಳ ನಂತರ ಅಲ್ಲಿ ಡೀಸೆಲ್ ಮತ್ತೆ ಉರಿಯುತ್ತಿದೆ ಎಂದು ತಿಳಿದು ನಕ್ಕವರೂ ಇದ್ದಾರೆ. ನನಗೆ ಅನ್ನಿಸುವುದು, ಇಬ್ಬರೂ ತಪ್ಪು ಅಂಕಿಯನ್ನು ನೋಡುತ್ತಿದ್ದಾರೆ. ನೂರು ಎಂಬುದು ಸಾಧನೆಯನ್ನು ಅಳೆಯುವ ಅಳತೆಯೇ ಅಲ್ಲ. ಹಾಗೇಕೆ ಎಂಬುದು ತಿಳಿಯಬೇಕಾದರೆ ಸ್ವಲ್ಪ ಗಣಿತ ಮಾಡಬೇಕು.

ಡ್ರಮ್ಮಿನಲ್ಲಿ ಬರುತ್ತಿದ್ದ ಕರೆಂಟು

ಮೊದಲಿನ ಸ್ಥಿತಿ ನೋಡೋಣ. ಪ್ರತಿ ಹವಳದ್ವೀಪವೂ ದಿನಕ್ಕೆ ಸುಮಾರು 200 ಲೀಟರ್ ಡೀಸೆಲ್ ಸುಡುತ್ತಿತ್ತು, ಅಂದರೆ ದಿನಕ್ಕೊಂದು ಡ್ರಮ್. ಇದರ ವಾರ್ಷಿಕ ಖರ್ಚು 8 ಲಕ್ಷ ನ್ಯೂಜಿಲೆಂಡ್ ಡಾಲರಿಗೂ ಹೆಚ್ಚು. 1,500 ಜನರ ಊರಿಗೆ ಇದು ಭಾರೀ ಮೊತ್ತ.

ಡೀಸೆಲ್ಲಿನ ಬೆಲೆಗಿಂತ ಅದನ್ನು ತರುವುದೇ ದೊಡ್ಡ ಕಥೆ. ಸಿಂಗಪುರದಂಥ ಕಡೆಯ ಶುದ್ಧೀಕರಣ ಘಟಕಗಳಿಂದ ಹೊರಟ ಇಂಧನ ದೊಡ್ಡ ದ್ವೀಪಗಳನ್ನು ಹಾಯ್ದು ಆಪಿಯಾಕ್ಕೆ ಬರಬೇಕು. ಅಲ್ಲಿ ಡ್ರಮ್ಮಿಗೆ ತುಂಬಿ ಸಣ್ಣ ಹಡಗಿಗೇರಿಸಬೇಕು. ಹಡಗು ಹವಳದ ದಂಡೆಯ ಆಚೆಯೇ ನಿಲ್ಲುತ್ತದೆ. ಅಲ್ಲಿಂದ ಚಿಕ್ಕ ದೋಣಿಗೆ ಇಳಿಸಿಕೊಂಡು, ದಂಡೆಯಲ್ಲಿ ಕಡಿದಿರುವ ಕಿರಿದಾದ ಕಾಲುವೆಯಲ್ಲಿ ಅಲೆಯ ಏರಿಳಿತ ನೋಡಿಕೊಂಡು ದಡ ಸೇರಿಸಬೇಕು. ಕಡಲು ಕೆಟ್ಟಿದ್ದರೆ ಹಡಗು ಕಾಯಬೇಕು. ಜಗತ್ತಿನ ಯಾವುದೋ ಮೂಲೆಯಲ್ಲಿ ಯುದ್ಧವಾಗಿ ತೈಲದ ಬೆಲೆ ಏರಿದರೆ ಇಲ್ಲಿನ ಶಾಲೆ, ಆಸ್ಪತ್ರೆಗಳ ಬಜೆಟ್ಟಿಗೆ ಕತ್ತರಿ. ಪೆಸಿಫಿಕ್ಕಿನ ಸಣ್ಣ ದ್ವೀಪಗಳು ಸೌರಶಕ್ತಿಯತ್ತ ಓಡುತ್ತಿರುವುದಕ್ಕೆ ಹವಾಮಾನ ಬದಲಾವಣೆಯ ಕಾಳಜಿ ಒಂದು ಕಾರಣ, ನಿಜ. ಆದರೆ ಈ ದ್ವೀಪಗಳೆಲ್ಲ ಸೇರಿ ಉಗುಳುವ ಹೊಗೆ ಜಗತ್ತಿನ ಲೆಕ್ಕದಲ್ಲಿ ಕಾಣಿಸುವುದೇ ಇಲ್ಲ. ಅವರ ಮಟ್ಟಿಗೆ ಮೊದಲ ಪ್ರಶ್ನೆ ದುಡ್ಡು, ಎರಡನೆಯದು ಇನ್ನೊಬ್ಬರ ಹಡಗಿಗೆ ಕಾಯುವ ಪರಾಧೀನತೆ.

ಮಂಗಳೂರಿನವರಿಗೆ ಇದು ತೀರ ಅಪರಿಚಿತ ಕಥೆಯಲ್ಲ. ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಇಂದಿಗೂ ಸಾಮಾನು ಹೋಗುತ್ತದೆ; ಅಲ್ಲಿನ ಅಮೀನ್‌ದೀವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಆ ದ್ವೀಪಗಳ ವಿದ್ಯುತ್ತೂ ಬಹುಪಾಲು ದಡದಿಂದ ಹೋಗುವ ಡೀಸೆಲ್ಲಿನದೇ. ಬ್ಯಾಟರಿ ಸಹಿತ ಸೌರಸ್ಥಾವರವೊಂದು ಅಲ್ಲಿನ ರಾಜಧಾನಿ ಕವರತ್ತಿಯಲ್ಲಿ ಉದ್ಘಾಟನೆಯಾದದ್ದು 2024ರ ಜನವರಿಯಲ್ಲಿ.

ಟೋಕೆಲಾವ್‌ನಲ್ಲಿ ಕೆಲಸ ಬೇಗ ನಡೆಯಿತು. ಇಡೀ ದ್ವೀಪಸಮೂಹ ಮುಂದಿನ ವರ್ಷದ ಹೊತ್ತಿಗೆ ಸೌರಶಕ್ತಿಗೆ ತಿರುಗುತ್ತದೆ ಎಂದು ಅಲ್ಲಿನ ಸರ್ಕಾರದ ಮುಖ್ಯಸ್ಥರಾಗಿದ್ದ ಫೋವಾ ಟೋಲೋವಾ 2011ರಲ್ಲಿ ಹೇಳಿದ್ದರು. (ಅದೇ ವರ್ಷದ ಕೊನೆಯಲ್ಲಿ ಟೋಕೆಲಾವ್ ಸಮೋವಾದ ಜೊತೆ ಅಂತರರಾಷ್ಟ್ರೀಯ ದಿನರೇಖೆಯ ಈಚೆ ಬದಿಗೆ ಜಿಗಿಯಿತು. ಹಾಗಾಗಿ ಅಲ್ಲಿನ ಕ್ಯಾಲೆಂಡರಿನಲ್ಲಿ 2011ರ ಡಿಸೆಂಬರ್ 30 ಎಂಬ ದಿನವೇ ಇಲ್ಲ. ಗಡುವಿನಲ್ಲಿ ಒಂದು ದಿನ ಅಲ್ಲೇ ಖೋತಾ.) ನ್ಯೂಜಿಲೆಂಡ್ ಸರ್ಕಾರ 70 ಲಕ್ಷ ನ್ಯೂಜಿಲೆಂಡ್ ಡಾಲರಿಗೂ ಹೆಚ್ಚು ಹಣ ಒದಗಿಸಿತು. ಆ ದೇಶದ ಪವರ್‌ಸ್ಮಾರ್ಟ್ ಎಂಬ ಕಂಪನಿ ಗುತ್ತಿಗೆ ಹಿಡಿಯಿತು, ಊರಿನವರೂ ಕೈಜೋಡಿಸಿದರು. 4,032 ಸೌರಫಲಕ, 392 ಇನ್ವರ್ಟರ್, 1,344 ಬ್ಯಾಟರಿ. ಎಲ್ಲವೂ ಡೀಸೆಲ್ ಡ್ರಮ್ಮು ಬರುತ್ತಿದ್ದ ಅದೇ ಕಾಲುವೆಯಲ್ಲಿ ದೋಣಿಯ ಮೇಲೆ ಬಂದವು. ಬ್ಯಾಟರಿ ಎಂದರೆ ಇಬ್ಬರು ಮೂವರು ಸೇರಿದರೂ ಎತ್ತಲಾಗದ ಸೀಸದ ತೂಕ. 2012ರ ಆಗಸ್ಟಿನಲ್ಲಿ ಫಕಾವೊಫೊ, ನಂತರ ನುಕುನೋನು, ಅಕ್ಟೋಬರಿನ ಹೊತ್ತಿಗೆ ಅಟಾಫು ಬೆಳಗಿದವು.

ಸರಾಸರಿ ಎಂಬ ಮೋಸಗಾರ

ಈಗ ಗಣಿತ. ಜನರೇಟರಿನಲ್ಲಿ ಒಂದು ಲೀಟರ್ ಡೀಸೆಲ್ ಸುಟ್ಟರೆ ಮೂರು, ಮೂರೂವರೆ ಯೂನಿಟ್ ವಿದ್ಯುತ್ ಸಿಗುತ್ತದೆ. ದಿನಕ್ಕೆ 200 ಲೀಟರಿಗೆ 650 ಯೂನಿಟ್ ಎಂದುಕೊಳ್ಳಿ. ಮೂರು ದ್ವೀಪಕ್ಕೆ ಸುಮಾರು 2,000 ಯೂನಿಟ್.

ಸೌರಫಲಕಗಳ ಒಟ್ಟು ಸಾಮರ್ಥ್ಯ ಹೆಚ್ಚುಕಡಿಮೆ ಒಂದು ಮೆಗಾವ್ಯಾಟ್, ಅಂದರೆ 1,000 ಕಿಲೋವ್ಯಾಟ್. ಭೂಮಧ್ಯರೇಖೆಗೆ ಹತ್ತಿರದ ಇಂಥ ಜಾಗದಲ್ಲಿ ಒಂದು ಕಿಲೋವ್ಯಾಟ್ ಫಲಕ ಸರಾಸರಿ ದಿನಕ್ಕೆ ನಾಲ್ಕು ಯೂನಿಟ್ ಕೊಡುತ್ತದೆ ಎಂದು ಹಿಡಿದರೆ 4,000 ಯೂನಿಟ್. ಬ್ಯಾಟರಿಗೆ ಹೋಗಿ ಬರುವಾಗ, ತಂತಿಯಲ್ಲಿ, ಇನ್ವರ್ಟರಿನಲ್ಲಿ ಆಗುವ ನಷ್ಟವನ್ನೆಲ್ಲ ಕಳೆದರೂ 3,000 ಉಳಿಯುತ್ತದೆ. ಕೈಬೆರಳಿನ ಈ ಲೆಕ್ಕ, ಯೋಜನೆ ಮುಗಿದಾಗ ಹೇಳಿದ ಮಾತಿಗೆ ಸರಿಯಾಗಿ ಹೊಂದುತ್ತದೆ: ಆಗಿನ ಬೇಡಿಕೆಯ ಒಂದೂವರೆ ಪಟ್ಟು ವಿದ್ಯುತ್ ಕೊಡಬಲ್ಲ ವ್ಯವಸ್ಥೆ ಇದು.

ಒಂದೂವರೆ ಪಟ್ಟು ಇದ್ದ ಮೇಲೆ ಡೀಸೆಲ್ ಏಕೆ ಬೇಕು? ಏಕೆಂದರೆ ದೀಪ ಉರಿಯುವುದು ಸರಾಸರಿಯಿಂದಲ್ಲ. ನೈಋತ್ಯ ಪೆಸಿಫಿಕ್ಕಿನ ಮೇಲೆ ಉದ್ದಕ್ಕೆ ಚಾಚಿಕೊಂಡಿರುವ ಮೋಡದ ಪಟ್ಟಿಯೊಂದಿದೆ. ಟೋಕೆಲಾವ್ ಅದರ ಹಾದಿಯಲ್ಲೇ ಬರುತ್ತದೆ. ಆ ಪಟ್ಟಿ ಬಂದು ಕೂತರೆ ದಿನಗಟ್ಟಲೆ ಆಕಾಶ ಬೂದು. ದಟ್ಟ ಮೋಡದ ದಿನ ಫಲಕಗಳಿಂದ ಸಿಗುವುದು ಎಂದಿನ ನಾಲ್ಕನೇ ಒಂದೋ ಐದನೇ ಒಂದೋ ಭಾಗ. ಹಾಗೆಯೇ ಬಿಸಿಲು ಜೋರಾಗಿರುವ ದಿನ ಮಧ್ಯಾಹ್ನದೊಳಗೆ ಬ್ಯಾಟರಿ ತುಂಬಿ ತುಳುಕಿ, ಉಳಿದ ಬಿಸಿಲು ವ್ಯರ್ಥ.

ಕರ್ನಾಟಕದಲ್ಲಿ ಇದು ತಲೆನೋವಲ್ಲ. ಪಾವಗಡದಲ್ಲಿ ಸೂರ್ಯ ಮುಳುಗಿದರೆ ಶರಾವತಿಯ ನೀರಿದೆ, ರಾಯಚೂರಿನ ಕಲ್ಲಿದ್ದಲಿದೆ, ಅದೂ ಸಾಲದಿದ್ದರೆ ದೇಶದ ಗ್ರಿಡ್ಡಿನಿಂದ ಎಳೆದುಕೊಳ್ಳಬಹುದು. ಮೋಡ ಒಂದು ಕಡೆ ಇದ್ದರೆ ಇನ್ನೊಂದು ಕಡೆ ಬಿಸಿಲು. ದ್ವೀಪಕ್ಕೆ ನೆರೆಯೇ ಇಲ್ಲ. ಟೋಕೆಲಾವ್‌ನ ಮೂರು ದ್ವೀಪಗಳ ನಡುವೆಯೂ ಹತ್ತಾರು ಕಿಲೋಮೀಟರ್ ಅಗಲದ ಆಳ ಸಮುದ್ರವಿದೆ. ಆದ್ದರಿಂದ ಅವು ಒಂದಕ್ಕೊಂದು ಸಂಬಂಧವಿಲ್ಲದ ಮೂರು ಗ್ರಿಡ್‌ಗಳು. ಅಟಾಫುವಿನಲ್ಲಿ ಹೆಚ್ಚಾದದ್ದನ್ನು ಫಕಾವೊಫೊಗೆ ಕೊಡಲು ಬರುವುದಿಲ್ಲ.

ಹಾಗಾದರೆ ಬ್ಯಾಟರಿ ಹೆಚ್ಚಿಸಿದರೆ ಆಯಿತಲ್ಲ? ಅದನ್ನೂ ಲೆಕ್ಕ ಹಾಕೋಣ. ಐದು ದಿನ ಬಿಸಿಲೇ ಇಲ್ಲದಿದ್ದರೂ ನಡೆಯಬೇಕು ಎಂದರೆ 10,000 ಯೂನಿಟ್ ಕೂಡಿಡಬೇಕು. ಟೋಕೆಲಾವ್‌ಗೆ ಮೊದಲು ಬಂದದ್ದು ಸೀಸ-ಆಮ್ಲದ ಬ್ಯಾಟರಿ. ಅದನ್ನು ಪೂರ್ತಿ ಖಾಲಿ ಮಾಡುತ್ತ ಹೋದರೆ ಬೇಗ ಸಾಯುತ್ತದೆ. ಬಾಳಿಕೆ ಬರಬೇಕಾದರೆ ಅರ್ಧದಷ್ಟೇ ಬಳಸುವುದು ರೂಢಿ. ಹಾಗಾದರೆ ಕೊಳ್ಳಬೇಕಾದದ್ದು 20,000 ಯೂನಿಟ್ಟಿನ ಬ್ಯಾಟರಿ. ಅದರ ಬಹುಭಾಗ ವರ್ಷದಲ್ಲಿ ನಾಲ್ಕಾರು ದಿನ ಕೆಲಸ ಮಾಡಿ, ಉಳಿದ ದಿನಗಳೆಲ್ಲ ಸುಮ್ಮನೆ ಕೂತು ಮುಪ್ಪಾಗುತ್ತದೆ.

ಬದಲಿಗೆ, ಹೇಗೂ ಇರುವ ಹಳೆಯ ಜನರೇಟರನ್ನು ಹಾಗೆಯೇ ಇಟ್ಟುಕೊಂಡು ವರ್ಷಕ್ಕೆ ಹತ್ತು ಕೆಟ್ಟ ದಿನ ಓಡಿಸಿದರೆ? ಮೂರೂ ದ್ವೀಪಕ್ಕೆ ದಿನಕ್ಕೆ 600 ಲೀಟರಿನಂತೆ 6,000 ಲೀಟರ್, ಅಂದರೆ 30 ಡ್ರಮ್. ಮೊದಲು ವರ್ಷಕ್ಕೆ ಉರಿಯುತ್ತಿದ್ದದ್ದು 2 ಲಕ್ಷ ಲೀಟರಿಗೂ ಹೆಚ್ಚು. ನೂರರಲ್ಲಿ ತೊಂಬತ್ತೇಳು ಪಾಲು ಡೀಸೆಲ್ ಉಳಿಯಿತು, ಬ್ಯಾಟರಿ ಖರ್ಚೂ ಕೈಗೆಟುಕುವ ಮಟ್ಟದಲ್ಲಿ ನಿಂತಿತು. ಉಳಿದ ಮೂರನ್ನೂ ಅಳಿಸಿ ಶುದ್ಧ ನೂರು ಮಾಡಲು ಹೊರಟರೆ ಮೊದಲ ತೊಂಬತ್ತೇಳಕ್ಕೆ ಆದಷ್ಟೋ ಅದಕ್ಕಿಂತ ಜಾಸ್ತಿಯೋ ಖರ್ಚಾಗುತ್ತದೆ. ನವೀಕರಿಸಬಹುದಾದ ಇಂಧನದ ಬಗ್ಗೆ ಒಂದೇ ಸಂಗತಿ ನೆನಪಿಡುವುದಾದರೆ ಇದನ್ನೇ ಇಟ್ಟುಕೊಳ್ಳಬಹುದು. ಮೊದಲ ಅರ್ಧ ಅಗ್ಗ, ಅಲ್ಲಿಂದ ತೊಂಬತ್ತರವರೆಗೆ ದುಬಾರಿ, ಕೊನೆಯ ಕೆಲವು ಅಂಶಗಳಿಗೆ ಬೆಲೆಯ ಮಿತಿಯೇ ಇಲ್ಲ.

ಈ ಕೊನೆಯ ಪಾಲಿಗೆ ಟೋಕೆಲಾವ್‌ನವರು ಯೋಚಿಸಿದ್ದ ಉಪಾಯ ತೆಂಗಿನೆಣ್ಣೆ. ಮೋಡದ ದಿನ ಜನರೇಟರಿಗೆ ಡೀಸೆಲ್ಲಿನ ಬದಲು ಊರಿನದೇ ಎಣ್ಣೆ ಹಾಕುವುದು. ಹುಚ್ಚು ಯೋಚನೆಯೇನಲ್ಲ, ಡೀಸೆಲ್ ಎಂಜಿನ್ ತೆಂಗಿನೆಣ್ಣೆಯಲ್ಲೂ ಓಡುತ್ತದೆ. ನಮ್ಮಲ್ಲಿ ಚಳಿಗಾಲದಲ್ಲಿ ಬಾಟಲಿಯಲ್ಲಿ ಗಟ್ಟಿಯಾಗುವ ಎಣ್ಣೆ 24 ಡಿಗ್ರಿಯ ಮೇಲೆ ನೀರಾಗಿಯೇ ಇರುತ್ತದೆ, ಟೋಕೆಲಾವ್‌ನಲ್ಲಿ ವರ್ಷವಿಡೀ ಸೆಕೆ. ತೊಡಕಿರುವುದು ದುಡಿಮೆಯಲ್ಲಿ. ಕಾಯಿ ಆರಿಸಿ, ಸುಲಿದು, ಒಣಗಿಸಿ, ಗಾಣಕ್ಕೆ ಹಾಕಿ ದಿನಕ್ಕೆ ನೂರಾರು ಲೀಟರ್ ತೆಗೆಯುವಷ್ಟು ಕೈಗಳು 500 ಜನರ ಊರಿನಲ್ಲಿ ಎಲ್ಲಿವೆ?

ಲೈನನ್ನು ಹಿಡಿದು ನಿಲ್ಲಿಸುವವರು ಯಾರು

ಯೂನಿಟ್ಟಿನ ಲೆಕ್ಕ ಸರಿಹೋದರೂ ಇನ್ನೊಂದು ತೊಡಕು ಉಳಿಯುತ್ತದೆ. ಇದರ ಬಗ್ಗೆ ಪತ್ರಿಕೆಗಳು ಬರೆಯುವುದು ಕಡಿಮೆ, ಎಂಜಿನಿಯರುಗಳ ನಿದ್ದೆ ಕೆಡಿಸುವುದು ಮಾತ್ರ ಇದೇ.

ನಮ್ಮ ಮನೆಗೆ ಬರುವ ಕರೆಂಟು ಸೆಕೆಂಡಿಗೆ 50 ಸಲ ಒಂದು ದಿಕ್ಕಿಗೆ ಹೋಗಿ ಮತ್ತೆ ಹಿಂದಕ್ಕೆ ಬರುತ್ತದೆ. 50 ಹರ್ಟ್ಜ್ ಎನ್ನುವುದು ಅದನ್ನೇ. ಈ ತಾಳವನ್ನು ಹಾಕುತ್ತಿದ್ದದ್ದು ಜನರೇಟರಿನ ತಿರುಗುವ ಕಬ್ಬಿಣ. ಊರಿನಲ್ಲಿ ಒಮ್ಮೆಲೇ ಹತ್ತು ಫ್ರೀಜರ್ ಶುರುವಾದರೆ ಎಂಜಿನ್ ಒಂದು ಕ್ಷಣ ಭಾರಕ್ಕೆ ಬಗ್ಗುತ್ತದೆ. ತಿರುಗುವ ಆ ತೂಕವೇ ಹೊಡೆತವನ್ನು ನುಂಗಿಕೊಳ್ಳುತ್ತದೆ, ಅಷ್ಟರಲ್ಲಿ ಇಂಧನ ಹೆಚ್ಚಾಗಿ ವೇಗ ಸರಿಹೋಗುತ್ತದೆ. ಸೌರಫಲಕದಲ್ಲಿ ತಿರುಗುವುದು ಏನೂ ಇಲ್ಲ. ಅದರ ಸಾಮಾನ್ಯ ಇನ್ವರ್ಟರ್ ಅನುಸರಿಸುವ ಜಾತಿಯದು: ಲೈನಿನಲ್ಲಿ ಆಗಲೇ ಇರುವ ತಾಳವನ್ನು ಕೇಳಿಸಿಕೊಂಡು ಅದಕ್ಕೆ ಹೊಂದಿ ವಿದ್ಯುತ್ ತಳ್ಳುತ್ತದೆ. ತಾಳವೇ ಇಲ್ಲದಿದ್ದರೆ ಸುಮ್ಮನಾಗುತ್ತದೆ. ನಡುಮಧ್ಯಾಹ್ನ ಬಿಸಿಲು ಕಾಯುತ್ತಿದ್ದರೂ ಸಾಧಾರಣ ಸೌರಛಾವಣಿ ಕರೆಂಟು ಹೋದೊಡನೆ ನಿಂತುಬಿಡುವುದು ಇದರಿಂದಲೇ.

ದ್ವೀಪದಲ್ಲಿ ಜನರೇಟರ್ ಆರಿಸಿದರೆ ತಾಳ ಹಾಕುವವರು ಯಾರು? ಬ್ಯಾಟರಿಗೆ ಜೋಡಿಸಿದ ಬೇರೆ ಜಾತಿಯ ಇನ್ವರ್ಟರ್. ನಮ್ಮ ಮನೆಗಳ ಯುಪಿಎಸ್ ಕರೆಂಟು ಹೋದಾಗ ಮನೆಯೊಳಗಿನ ನಾಲ್ಕು ದೀಪ, ಎರಡು ಫ್ಯಾನಿಗೆ ತಾನೇ ಲೈನಾಗಿ ನಿಲ್ಲುತ್ತದಲ್ಲ, ಅದನ್ನೇ ಇಡೀ ಊರಿಗೆ ಹಿಗ್ಗಿಸಿದ ಹಾಗೆ. ಇದು 50 ಹರ್ಟ್ಜ್ ತಾನೇ ಹುಟ್ಟಿಸುತ್ತದೆ, ಉಳಿದ ಸೌರ ಇನ್ವರ್ಟರುಗಳೆಲ್ಲ ಇದನ್ನು ಹಿಂಬಾಲಿಸುತ್ತವೆ.

ಇದರಲ್ಲೊಂದು ಸೊಗಸಾದ ಯುಕ್ತಿ ಇದೆ. ಬ್ಯಾಟರಿ ತುಂಬಿದ ಮೇಲೂ ಫಲಕಗಳು ವಿದ್ಯುತ್ ತಳ್ಳುತ್ತಲೇ ಇದ್ದರೆ ಬ್ಯಾಟರಿ ಹಾಳಾಗುತ್ತದೆ. ಊರಿನ ಬೇರೆ ಬೇರೆ ಕಡೆ ಹರಡಿರುವ ನೂರಾರು ಇನ್ವರ್ಟರಿಗೆ 'ಸಾಕು' ಎಂದು ಹೇಳುವುದು ಹೇಗೆ? ಪ್ರತಿಯೊಂದಕ್ಕೂ ಸಂದೇಶದ ತಂತಿ ಎಳೆಯಬೇಕಿಲ್ಲ. ಬ್ಯಾಟರಿಯ ಇನ್ವರ್ಟರ್ ತಾಳವನ್ನೇ ಸ್ವಲ್ಪ ಏರಿಸುತ್ತದೆ, 50 ಇದ್ದದ್ದು 51ರತ್ತ ಸರಿಯುತ್ತದೆ. ಅದನ್ನು ಗಮನಿಸಿದ ಸೌರ ಇನ್ವರ್ಟರುಗಳು ತಮ್ಮಷ್ಟಕ್ಕೆ ಉತ್ಪಾದನೆ ತಗ್ಗಿಸುತ್ತವೆ. ದ್ವೀಪಗಳ ಸಣ್ಣ ಸೌರಗ್ರಿಡ್‌ಗಳಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವ ವಿಧಾನ ಇದು. ಬ್ಯಾಟರಿ ತೀರ ಕೆಳಗಿಳಿದರೆ ಜನರೇಟರ್ ತಾನಾಗಿ ಶುರುವಾಗುವಂತೆಯೂ ವ್ಯವಸ್ಥೆ ಇರುತ್ತದೆ.

ಈ ತಾಳದ ಲೆಕ್ಕ ಗೊತ್ತಿದ್ದರೆ, ಬ್ಯಾಟರಿ ಇಲ್ಲದೆ ಬರೀ ಫಲಕಗಳನ್ನು ಸೇರಿಸುತ್ತ ಹೋಗುವುದು ಏಕೆ ಬೇಗನೆ ಗೋಡೆಗೆ ಡಿಕ್ಕಿ ಹೊಡೆಯುತ್ತದೆ ಎಂಬುದೂ ತಿಳಿಯುತ್ತದೆ. ತಾಳ ಹಾಕಲು ಜನರೇಟರ್ ಓಡುತ್ತಲೇ ಇರಬೇಕು. ಡೀಸೆಲ್ ಎಂಜಿನನ್ನು ತೀರ ಕಡಿಮೆ ಭಾರದಲ್ಲಿ ಬಹುಕಾಲ ಓಡಿಸಿದರೆ ಇಂಧನ ಸರಿಯಾಗಿ ಉರಿಯದೆ ಎಂಜಿನ್ ಕೆಡುತ್ತದೆ. ಸಾಮರ್ಥ್ಯದ ಮೂರನೇ ಒಂದರಷ್ಟಾದರೂ ಭಾರ ಬೇಕು. ಹಾಗಾಗಿ ಸೂರ್ಯ ಎಷ್ಟೇ ಕೊಟ್ಟರೂ ಒಂದು ಪಾಲು ಡೀಸೆಲ್ಲಿಗೇ ಮೀಸಲು. ಮೇಲಿಂದ ಒಂದು ದಪ್ಪ ಮೋಡ ಹಾದುಹೋದರೆ ಅರ್ಧ ನಿಮಿಷದೊಳಗೆ ಸೌರ ಉತ್ಪಾದನೆ ಕುಸಿಯುತ್ತದೆ, ಎಂಜಿನ್ ತಡವರಿಸುತ್ತದೆ, ಊರು ಕತ್ತಲಾಗುತ್ತದೆ. ಕುಕ್ ದ್ವೀಪಗಳ ದೊಡ್ಡ ದ್ವೀಪವಾದ ರರೊಟೊಂಗಾದಲ್ಲಿ ಜನ ಉತ್ಸಾಹದಿಂದ ಮನೆಯ ಛಾವಣಿಗಳಿಗೆ ಫಲಕ ಹಾಕಿಸಿಕೊಂಡರು. ಗ್ರಿಡ್ಡಿಗೆ ಅದನ್ನು ತಾಳಿಕೊಳ್ಳುವ ಶಕ್ತಿ ಮುಗಿದಾಗ ಹೊಸ ಸಂಪರ್ಕಗಳಿಗೆ ತಡೆ ಹಾಕಬೇಕಾಯಿತು. ನಂತರವೇ ವಿಮಾನ ನಿಲ್ದಾಣದ ಬಳಿ ದೊಡ್ಡ ಬ್ಯಾಟರಿಗಳು ಬಂದದ್ದು.

ಬೇರೆ ದಾರಿಗಳಿಲ್ಲವೇ

ಗಾಳಿಯಂತ್ರ ಏಕಿಲ್ಲ ಎಂದು ಕೇಳಬಹುದು. ಭಾರದ ರೆಕ್ಕೆ, ಕಂಬಗಳನ್ನು ಎತ್ತಿ ನಿಲ್ಲಿಸಲು ಕ್ರೇನ್ ಬೇಕು, ಕ್ರೇನ್ ಇಳಿಸಲು ಬಂದರು ಬೇಕು. ತಿರುಗುವ ಭಾಗ ಇರುವ ಯಾವ ಯಂತ್ರಕ್ಕೂ ಉಪ್ಪುಗಾಳಿ ಶತ್ರು. ಜೊತೆಗೆ ಚಂಡಮಾರುತದ ಭಯ. ಸೌರಫಲಕದ ಚೌಕಟ್ಟನ್ನಾದರೆ ತಗ್ಗಿನಲ್ಲಿ, ಬಿಗಿಯಾಗಿ ನೆಲಕ್ಕೆ ಕೂರಿಸಬಹುದು.

ಎತ್ತರಕ್ಕೆ ನೀರೆತ್ತಿ, ಬೇಕಾದಾಗ ಕೆಳಗೆ ಬಿಟ್ಟು ಟರ್ಬೈನ್ ತಿರುಗಿಸುವುದು ಅತ್ಯಂತ ಹಳೆಯ, ನಂಬಿಕೆಯ ವಿದ್ಯುತ್ ಸಂಗ್ರಹ. ಸ್ಪೇನಿಗೆ ಸೇರಿದ ಎಲ್ ಹಿಯೆರೊ ದ್ವೀಪ 2014ರಿಂದ ಗಾಳಿಯಂತ್ರಗಳ ಜೊತೆ ಇದನ್ನು ನಡೆಸುತ್ತಿದೆ. 2019ರ ಬೇಸಿಗೆಯಲ್ಲಿ ಸತತ 24 ದಿನ ಡೀಸೆಲ್ ಮುಟ್ಟಲಿಲ್ಲ. ಇಡೀ ವರ್ಷದ ಲೆಕ್ಕ ತೆಗೆದರೆ ಮಾತ್ರ ಅರ್ಧದ ಆಸುಪಾಸು. ಅದು ಜ್ವಾಲಾಮುಖಿ ಎಬ್ಬಿಸಿದ ದ್ವೀಪ, ಮೇಲಿನ ಜಲಾಶಯಕ್ಕೂ ಕೆಳಗಿನದಕ್ಕೂ ಅಂತರ ಆರುನೂರು ಮೀಟರಿಗೂ ಹೆಚ್ಚು. ಐದು ಮೀಟರ್ ಎತ್ತರದ ಹವಳದ ನೆಲದಲ್ಲಿ ನೀರನ್ನು ಎಲ್ಲಿಗೆ ಏರಿಸುವುದು? ಅಂಥ ಕಡೆ ಸಿಹಿನೀರೇ ಅಪರೂಪ. 2011ರ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಮಳೆ ಕೈಕೊಟ್ಟು ಟೋಕೆಲಾವ್ ಮತ್ತು ಟುವಾಲು ಎರಡೂ ಕಡೆ ತುರ್ತುಸ್ಥಿತಿ ಘೋಷಣೆಯಾಗಿ, ಕುಡಿಯುವ ನೀರನ್ನು ಹೊರಗಿನಿಂದ ತರಬೇಕಾಗಿತ್ತು. ಸಮುದ್ರದ ನೀರನ್ನು ಸಿಹಿ ಮಾಡುವ ಯಂತ್ರಕ್ಕೂ ಕರೆಂಟೇ ಬೇಕು.

ಹತ್ತನೆಯ ವರ್ಷ

ಟೋಕೆಲಾವ್‌ನಲ್ಲಿ ಡೀಸೆಲ್ ಮರಳಿದ್ದು ಬರೀ ಮೋಡದಿಂದಲ್ಲ. ಬೇಡಿಕೆ ಏರಿತು. ಕರೆಂಟು ದಿನವಿಡೀ ನಂಬಿಕೆಯಿಂದ ಸಿಗತೊಡಗಿದರೆ ಜನ ಏನು ಮಾಡುತ್ತಾರೆ? ಹಿಡಿದ ಮೀನು ಇಡಲು ಫ್ರೀಜರ್ ಕೊಳ್ಳುತ್ತಾರೆ, ಬಟ್ಟೆ ಒಗೆಯುವ ಯಂತ್ರ ಕೊಳ್ಳುತ್ತಾರೆ. ಅದು ತಪ್ಪೂ ಅಲ್ಲ, ವಿದ್ಯುತ್ ತರುವುದೇ ಅದಕ್ಕಾಗಿ. ಆದರೆ ಫ್ರೀಜರ್ ರಾತ್ರಿಯೂ ಓಡುತ್ತದೆ, ರಾತ್ರಿಯ ಪ್ರತಿ ಯೂನಿಟ್ಟೂ ಬ್ಯಾಟರಿಯೊಳಗಿಂದಲೇ ಬರಬೇಕು. ಬೇಡಿಕೆಯ ಒಂದೂವರೆ ಪಟ್ಟು ಇದ್ದ ವ್ಯವಸ್ಥೆ ಹೀಗೆ ಬಿಗಿಯಾಗುತ್ತ ಬರುತ್ತದೆ. ಮೊದಲು ಜನರೇಟರ್ ಓಡುತ್ತಿದ್ದದ್ದು ಮೋಡದ ದಿನ ಮಾತ್ರ. ಆಮೇಲೆ ಸಾಧಾರಣ ದಿನದ ಬೆಳಗಿನ ಜಾವವೂ. ಹಾಗಾಗಿಯೇ ಮುಂದೆ ಫಲಕಗಳನ್ನು ಹೆಚ್ಚಿಸಿ ಲಿಥಿಯಂ ಬ್ಯಾಟರಿ ಸೇರಿಸುವ ಕೆಲಸಕ್ಕೆ ಕೈಹಾಕಬೇಕಾಯಿತು.

ಲಿಥಿಯಂ ಎಷ್ಟು ಬದಲಾವಣೆ ತಂದಿತು ಎಂಬುದು ಹತ್ತಿರದ ಇನ್ನೊಂದು ದ್ವೀಪದಲ್ಲಿ ಕಾಣುತ್ತದೆ. ಅಮೆರಿಕನ್ ಸಮೋವಾದ 'ತಾವು' ಎಂಬ ದ್ವೀಪದಲ್ಲಿ 2016ರಲ್ಲಿ, ಅಂದರೆ ಟೋಕೆಲಾವ್ ಆಗಿ ನಾಲ್ಕೇ ವರ್ಷಕ್ಕೆ, 1.4 ಮೆಗಾವ್ಯಾಟ್ ಫಲಕಗಳ ಜೊತೆ ಟೆಸ್ಲಾ ಕಂಪನಿಯ 60 ಬ್ಯಾಟರಿ ಪೆಟ್ಟಿಗೆಗಳನ್ನು ಇಟ್ಟರು. ಒಟ್ಟು ಸಂಗ್ರಹ 6,000 ಯೂನಿಟ್, ಅಲ್ಲಿನ ಜನಸಂಖ್ಯೆ 600ರ ಒಳಗೆ. ಮೂರು ದಿನ ಬಿಸಿಲಿಲ್ಲದಿದ್ದರೂ ನಡೆಯುತ್ತದೆ ಎಂಬ ಲೆಕ್ಕದ ವಿನ್ಯಾಸ ಅದು. ಲಿಥಿಯಂ ಬ್ಯಾಟರಿಯನ್ನು ಬಹುಪಾಲು ಖಾಲಿ ಮಾಡಿದರೂ ಅದು ಸೀಸದಷ್ಟು ಬೇಗ ಕೆಡುವುದಿಲ್ಲ. ಆದರೆ ಸೆಕೆ ಎರಡಕ್ಕೂ ಆಗದು. ಸೀಸ-ಆಮ್ಲದ ಬ್ಯಾಟರಿಯ ವಿಷಯದಲ್ಲಿ ಎಂಜಿನಿಯರುಗಳ ಹಳೆಯ ನಿಯಮವೊಂದಿದೆ: 25 ಡಿಗ್ರಿಯ ಮೇಲೆ ಪ್ರತಿ ಹತ್ತು ಡಿಗ್ರಿಗೆ ಆಯುಸ್ಸು ಅರ್ಧವಾಗುತ್ತದೆ.

ದುಡ್ಡಿನ ಲೆಕ್ಕ ಇಲ್ಲಿಗೆ ಬಂದು ತೊಡರಿಕೊಳ್ಳುತ್ತದೆ. 70 ಲಕ್ಷಕ್ಕೂ ಹೆಚ್ಚು ಹೂಡಿಕೆ, ವರ್ಷಕ್ಕೆ 8 ಲಕ್ಷದ ಡೀಸೆಲ್ ಉಳಿತಾಯ. ಹತ್ತು ವರ್ಷದ ಒಳಗೋ ಹೊರಗೋ ಅಸಲು ಹುಟ್ಟಿತು. ಆದರೆ ಸೀಸದ ಬ್ಯಾಟರಿಗಳ ಆಯುಸ್ಸು ಮುಗಿಯುವುದೂ ಆಸುಪಾಸಿನಲ್ಲೇ. ಫಲಕಗಳು 25 ವರ್ಷ ಬಾಳಬಹುದು, ಬ್ಯಾಟರಿ ಮತ್ತು ಇನ್ವರ್ಟರುಗಳನ್ನು ನಡುವೆ ಬದಲಿಸಲೇಬೇಕು. ಡೀಸೆಲ್ ಉಳಿಸಿದ ಹಣವನ್ನು ಶಾಲೆಗೋ ಆಸ್ಪತ್ರೆಗೋ ಖರ್ಚು ಮಾಡುವುದು ಒಳ್ಳೆಯ ಕೆಲಸವೇ. ಆದರೆ ಅದರಲ್ಲೊಂದು ಪಾಲು ಮುಟ್ಟದೆ ತೆಗೆದಿಡದಿದ್ದರೆ ಹತ್ತನೆಯ ವರ್ಷ ಮತ್ತೆ ದಾನಿಗಳ ಮನೆಬಾಗಿಲು. ದಾನಿ ದೇಶಗಳಿಗೆ ಇಷ್ಟವಾಗುವುದು ಉದ್ಘಾಟನೆ, ಫಲಕದ ಮೇಲೆ ತಮ್ಮ ಬಾವುಟ. ಸತ್ತ ಬ್ಯಾಟರಿ ಬದಲಿಸಿದ್ದಕ್ಕೆ ಯಾರೂ ರಿಬ್ಬನ್ ಕತ್ತರಿಸುವುದಿಲ್ಲ. ಪೆಸಿಫಿಕ್ಕಿನ ಸೌರಯೋಜನೆಗಳು ಸೊರಗುವುದು ಹೆಚ್ಚಾಗಿ ತಂತ್ರಜ್ಞಾನದ ದೋಷದಿಂದಲ್ಲ, ಈ ಹಂತದಲ್ಲಿ ಕೈ ಖಾಲಿ ಇರುವುದರಿಂದ ಎಂದು ನನ್ನ ಅನಿಸಿಕೆ.

ಹಣದಷ್ಟೇ ಮುಖ್ಯ, ಕೆಲಸ ಬಲ್ಲವರು. ಟೋಕೆಲಾವ್‌ನವರು ನ್ಯೂಜಿಲೆಂಡಿನ ಪ್ರಜೆಗಳು. ದ್ವೀಪದಲ್ಲಿ ಉಳಿದವರು 1,500, ನ್ಯೂಜಿಲೆಂಡಿನಲ್ಲಿ ನೆಲೆಸಿದ ಟೋಕೆಲಾವ್ ಮೂಲದವರು 8,000ಕ್ಕೂ ಹೆಚ್ಚು. ಇನ್ವರ್ಟರ್ ರಿಪೇರಿ ಕಲಿತ ಯುವಕನಿಗೆ ಆಕ್ಲೆಂಡಿನಲ್ಲಿ ಹತ್ತಾರು ಕಡೆ ಕೆಲಸವಿದೆ, ಅವನನ್ನು ತಡೆಯಲು ವೀಸಾ ಕೂಡ ಇಲ್ಲ. ಅವನು ಹೊರಟುಹೋದರೆ ಕೆಟ್ಟ ಒಂದು ಬೋರ್ಡಿಗೆ ಮುಂದಿನ ಹಡಗಿನವರೆಗೆ ಕಾಯಬೇಕು, ಅಷ್ಟು ದಿನ ಡೀಸೆಲ್ ಉರಿಯಬೇಕು.

ಸತ್ತ ಬ್ಯಾಟರಿಯನ್ನು ಏನು ಮಾಡುವುದು ಎಂಬುದು ಇನ್ನೊಂದು. ಹವಳದ ನೆಲ ಜರಡಿ ಇದ್ದ ಹಾಗೆ ನೀರನ್ನು ಬಿಟ್ಟುಬಿಡುತ್ತದೆ. ಅಲ್ಲಿ ಸೀಸ ಹೂತರೆ ಅಂತರ್ಜಲಕ್ಕೂ, ಅಲ್ಲಿಂದ ಹವಳದ ಉಂಗುರದೊಳಗಿನ, ಮೀನಿರುವ ಹಿನ್ನೀರಿಗೂ ಸೇರುತ್ತದೆ. ಟನ್ನುಗಟ್ಟಲೆ ತೂಕವನ್ನು ಮತ್ತೆ ಅದೇ ಕಾಲುವೆಯಲ್ಲಿ ಹಡಗಿಗೆ ಸಾಗಿಸಬೇಕು. ಹಾಳು ಬ್ಯಾಟರಿ ಅಪಾಯಕಾರಿ ತ್ಯಾಜ್ಯ. ಗಡಿ ದಾಟಿಸಲು ಬಾಸೆಲ್ ಒಪ್ಪಂದ ಮತ್ತು 1995ರಲ್ಲಿ ಪಪುವಾ ನ್ಯೂಗಿನಿಯ ವೈಗಾನಿಯಲ್ಲಿ ಆದ ಪೆಸಿಫಿಕ್ ಒಪ್ಪಂದಗಳ ಪ್ರಕಾರ, ಕಳಿಸುವ ದೇಶ, ಹಾದುಹೋಗುವ ದೇಶ, ಪಡೆಯುವ ದೇಶ ಎಲ್ಲದರ ಒಪ್ಪಿಗೆ ಬೇಕು. ಸೀಸಕ್ಕಾದರೂ ಗುಜರಿಯಲ್ಲಿ ಬೆಲೆಯಿದೆ. ಲಿಥಿಯಂ ಪೆಟ್ಟಿಗೆಗಳು ಬೆಂಕಿಯ ಭಯದ ಸರಕಾದ್ದರಿಂದ ಹಡಗಿನವರು ಹತ್ತಿಸಿಕೊಳ್ಳಲು ಹಿಂದುಮುಂದು ನೋಡುತ್ತಾರೆ.

ನೆಲವೇ ಇಲ್ಲದ ರಾಜಧಾನಿ

ಸಣ್ಣ ಊರಿಗೆ ಇಷ್ಟು ತೊಡಕಾದರೆ ಸ್ವಲ್ಪ ದೊಡ್ಡ ಊರಿನ ಕಷ್ಟ ಬೇರೆ ಬಗೆಯದು. ನೆರೆಯ ಟುವಾಲು ಸ್ವತಂತ್ರ ರಾಷ್ಟ್ರ, 1978ರಲ್ಲಿ ಬ್ರಿಟಿಷರಿಂದ ಬಿಡುಗಡೆ ಪಡೆದದ್ದು. ಒಂಬತ್ತು ದ್ವೀಪ, ಒಟ್ಟು 26 ಚದರ ಕಿಲೋಮೀಟರ್, ಸುಮಾರು 11,000 ಜನ. 2020ರೊಳಗೆ ವಿದ್ಯುತ್ತೆಲ್ಲ ನವೀಕರಿಸಬಹುದಾದ ಮೂಲದಿಂದ ಎಂದು ಅದೂ ಗುರಿ ಇಟ್ಟಿತ್ತು. ಹೊರದ್ವೀಪಗಳಲ್ಲಿ ನ್ಯೂಜಿಲೆಂಡ್ ಮತ್ತು ಯುರೋಪಿನ ನೆರವಿನಿಂದ ಸೌರಸ್ಥಾವರಗಳು ಬಂದವು, ಡೀಸೆಲ್ ಬಳಕೆ ಗಣನೀಯವಾಗಿ ಇಳಿಯಿತು. ರಾಜಧಾನಿ ಫುನಾಫುಟಿಯಲ್ಲಿ ಮಾತ್ರ ಗಡುವು ಮೀರಿತು.

ಅರ್ಧಕ್ಕಿಂತ ಹೆಚ್ಚು ಜನ ಅಲ್ಲೇ ಇದ್ದಾರೆ. ಸರ್ಕಾರಿ ಕಚೇರಿ, ಆಸ್ಪತ್ರೆ, ಶೀತಲಗೃಹ, ಎಸಿಗಳೂ ಅಲ್ಲೇ. ನೆಲ ನೋಡಿದರೆ ಕೆಲವು ಕಡೆ ಒಂದು ಬದಿಯ ಅಲೆಯ ಸದ್ದು ಇನ್ನೊಂದು ಬದಿಗೆ ಕೇಳುವಷ್ಟು ಕಿರಿದಾದ ಪಟ್ಟಿ. ಅಗಲವಾದ ಜಾಗವನ್ನು ವಿಮಾನದ ರನ್‌ವೇ ನುಂಗಿದೆ. ಸಂಜೆ ಅದರ ಮೇಲೆಯೇ ಮಕ್ಕಳ ಆಟ. ನೆಲ ಕುಟುಂಬಗಳ ಆಸ್ತಿ, ಒಂದೊಂದು ತುಂಡಿಗೂ ಹಲವು ವಾರಸುದಾರರು. ಮೆಗಾವ್ಯಾಟ್‌ಗಟ್ಟಲೆ ಫಲಕ ಹಾಸಲು ಜಾಗ ಎಲ್ಲಿಂದ ತರುವುದು? 2008ರಲ್ಲೇ ಫುಟ್‌ಬಾಲ್ ಕ್ರೀಡಾಂಗಣದ ಛಾವಣಿಗೆ ಜಪಾನಿನ ವಿದ್ಯುತ್ ಕಂಪನಿಗಳ ನೆರವಿನಿಂದ 40 ಕಿಲೋವ್ಯಾಟ್ ಫಲಕ ಹಾಕಿದ್ದರು. ಮುಂದೆ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಹಣದಿಂದ ಕಟ್ಟಡಗಳ ಛಾವಣಿಗಳ ಮೇಲೆ 500 ಕಿಲೋವ್ಯಾಟ್, ಜೊತೆಗೆ 2,000 ಯೂನಿಟ್ ಸಂಗ್ರಹದ ಬ್ಯಾಟರಿ ಬಂತು. ಟಫುವಾ ಎಂಬ ಕೊಳದ ನೀರಿನ ಮೇಲೆ ತೇಲುವ 100 ಕಿಲೋವ್ಯಾಟ್ ಫಲಕಗಳೂ ಬಂದವು. ಪಾವಗಡದ 2,000 ಮೆಗಾವ್ಯಾಟ್ ನೋಡಿದ ನಮಗೆ ಇವೆಲ್ಲ ಚಿಲ್ಲರೆ ಅನ್ನಿಸಬಹುದು. ಫುನಾಫುಟಿಯಲ್ಲಿ ಪ್ರತಿ ಛಾವಣಿಯೂ ಒಂದು ಮಾತುಕತೆ, ಒಂದು ಬಾಡಿಗೆ ಕರಾರು, ತುಕ್ಕು ಹಿಡಿದ ತೊಲೆಗಳು ಭಾರ ತಡೆಯುತ್ತವೆಯೇ ಎಂಬ ಒಂದು ತಪಾಸಣೆ.

ಕರೆಂಟಿನ ಆಚೆ

ಇಷ್ಟೆಲ್ಲ ಆದಮೇಲೂ 'ನೂರಕ್ಕೆ ನೂರು' ಎಂಬ ಮಾತು ಅನ್ವಯಿಸುವುದು ವಿದ್ಯುತ್ತಿಗೆ ಮಾತ್ರ. ಅಡುಗೆ ಅನಿಲ ಸಿಲಿಂಡರಿನಲ್ಲಿ ಬರುತ್ತದೆ. ಮೀನು ಹಿಡಿಯುವ ಅಲ್ಯೂಮಿನಿಯಂ ದೋಣಿಗಳ ಹಿಂಬದಿಯ ಎಂಜಿನುಗಳಿಗೆ ಪೆಟ್ರೋಲ್ ಬೇಕು. 2016ರಿಂದ ಆಪಿಯಾ ಮತ್ತು ಟೋಕೆಲಾವ್ ನಡುವೆ ಓಡಾಡುತ್ತಿರುವ ಮತಾಲಿಕಿ ಹಡಗಿಗೆ ಬೇಕಾದದ್ದು ಡೀಸೆಲ್ಲೇ, ಬ್ಯಾಟರಿ ಹೊತ್ತು ತರುವುದೂ ಅಂಥ ಹಡಗುಗಳೇ. ಹೋಗಿಬರಲು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ತೆರೆದ ಸಮುದ್ರ. ಅಷ್ಟು ದೂರ ಬ್ಯಾಟರಿಯಲ್ಲಿ ಓಡುವ ಸರಕುಹಡಗು ಸದ್ಯ ಕೈಗೆಟುಕುವ ಹಾಗಿಲ್ಲ. ಹಿನ್ನೀರಿನೊಳಗಿನ ಗಿಡ್ಡ ಪ್ರಯಾಣಕ್ಕಾದರೆ ವಿದ್ಯುತ್ ದೋಣಿ ಸಾಧ್ಯ, ಅದನ್ನು ಹಗಲಿನಲ್ಲಿ ವ್ಯರ್ಥವಾಗುವ ಬಿಸಿಲಿನಿಂದಲೇ ಚಾರ್ಜ್ ಮಾಡಬಹುದು. ದಂಡೆಯ ಆಚೆ ಟ್ಯೂನಾ ಹಿಡಿಯಲು ಹೋಗುವವನು ಮಾತ್ರ ಇನ್ನೂ ಕೆಲವು ವರ್ಷ ಪೆಟ್ರೋಲ್ ಡ್ರಮ್ಮನ್ನೇ ನೆಚ್ಚಿಕೊಂಡಿರಬೇಕು.